ಬುತ್ತಿ ಗಂಟು ದಾಟಿದ ಸುಂಕದ ಕಟ್ಟೆಗಳು

ವಿಮಾನಯಾನದ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಒಣಕೊಬ್ಬರಿ ಅಪಾಯಕಾರಿ ಸರಕು. ಅದಕ್ಕೆ ಯುಎನ್ 1363 ಎಂಬ ಸಂಖ್ಯೆಯೂ ಇದೆ; ಎಣ್ಣೆಯಂಶದಿಂದಾಗಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಸಾಲಿನಲ್ಲಿ ಅದನ್ನು ಸೇರಿಸಿದ್ದಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಅದೇ ಕೊಬ್ಬರಿ ಬಟ್ಟಲಿಲ್ಲದೆ ಉಡಿ ತುಂಬುವುದಿಲ್ಲ. ಮಗಳು ತವರಿನಿಂದ ಹೊರಟು ನಿಂತಾಗ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ ಸೆರಗಿಗೆ ಬೀಳಲೇಬೇಕು. ಆ ಗಂಟು ಈಗ ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದಿನ ವಿಮಾನ ನಿಲ್ದಾಣಗಳಲ್ಲಿ ತಪಾಸಣೆಗೆ ಒಳಗಾಗುತ್ತದೆ. ಹಾಗೆ ನೋಡಿದರೆ ಈ ಸೀಮೆಯ ಬುತ್ತಿ ಗಂಟಿಗೆ ತಪಾಸಣೆಯೇನೂ ಹೊಸದಲ್ಲ.

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನ ಹೆಸರೇ ಸುಂಕದ ಬಂಕಣ್ಣ. ಸುಂಕ ವಸೂಲಿ ಅವನ ಕಾಯಕ. ವಿಜಯನಗರದ ಕಾಲಕ್ಕೆ ಬಂದರೆ, ರಾಜಧಾನಿಯ ಹೆಬ್ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ಪರದಾವು ನಾಣ್ಯಗಳಿಗೆ ಗುತ್ತಿಗೆ ಕೊಡುತ್ತಿದ್ದರೆಂದೂ, ಗುತ್ತಿಗೆದಾರ ಕೇಳಿದಷ್ಟು ಕೊಡದೆ ಊರವನಾಗಲಿ ಪರದೇಶಿಯಾಗಲಿ ಒಳಗೆ ಕಾಲಿಡುವಂತಿರಲಿಲ್ಲವೆಂದೂ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟಿದ್ದಾನೆ. ಇಂದಿನ ಗಂಗಾವತಿ ತಾಲೂಕಿನ ಆನೆಗೊಂದಿಯವರು ಆ ಪಟ್ಟಣಕ್ಕೆ ಹೋಗಬೇಕಾದರೆ ಮೊದಲು ತುಂಗಭದ್ರೆಯನ್ನು ದಾಟಬೇಕಿತ್ತು. ತೊಗಲು ಹೊದಿಸಿದ ಹರಿಗೋಲುಗಳಲ್ಲಿ ಹದಿನೈದಿಪ್ಪತ್ತು ಜನ ಕೂರುತ್ತಿದ್ದರು, ಕುದುರೆ ಎತ್ತುಗಳನ್ನೂ ಸಾಗಿಸುತ್ತಿದ್ದರು ಎಂದು ಇನ್ನೊಬ್ಬ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಹೇಳುತ್ತಾನೆ.

ನಿಜಾಮರ ಆಳ್ವಿಕೆಯಲ್ಲಿ ಈ ಕಾವಲು ಮನೆಯ ಹೊಸ್ತಿಲಿಗೇ ಬಂತು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ದಕ್ಷಿಣಕ್ಕೆ ಹೊಳೆ ದಾಟಿದರೆ ಹೊಸಪೇಟೆ, ಅದು ಮದರಾಸು ಪ್ರಾಂತ. ಪಶ್ಚಿಮಕ್ಕೆ ಗದಗ, ರೋಣ, ಮುಂಡರಗಿ, ಅವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯವು. ಬೀಗರ ಊರು ಎಂಟ್ಹತ್ತು ಹರದಾರಿಯಲ್ಲಿದ್ದರೂ ನಡುವೆ ಒಂದು ಗಡಿ, ಗಡಿಯಲ್ಲಿ ಹೈದರಾಬಾದ್ ಸಂಸ್ಥಾನದ ಕರೋಡಗಿರಿ ನಾಕಾ. ಕರೋಡಗಿರಿ ಎಂದರೆ ಸುಂಕದ ಇಲಾಖೆ. ಜನರ ಸಿಟ್ಟು ಈ ನಾಕಾಗಳ ಮೇಲೆ ಎಷ್ಟಿತ್ತೆಂದರೆ, 1947–48ರ ವಿಮೋಚನಾ ಹೋರಾಟದಲ್ಲಿ ಗಡಿ ಶಿಬಿರಗಳ ಯುವಕರು ದಾಳಿ ಮಾಡಿದ ತಾಣಗಳಲ್ಲಿ ಕರೋಡಗಿರಿ ನಾಕಾಗಳೂ ಇದ್ದವು. ಅಂಥ ಶಿಬಿರಗಳಲ್ಲಿ ಒಂದಾದ ಮುಂಡರಗಿ ಶಿಬಿರವನ್ನು ಮುನ್ನಡೆಸಿದವರು ಇದೇ ಕೊಪ್ಪಳ ತಾಲೂಕಿನ ಅಳವಂಡಿ ಶಿವಮೂರ್ತಿ ಸ್ವಾಮಿಗಳು. 1956ರ ನವೆಂಬರ್ 1ರಂದು ಕೊಪ್ಪಳವೂ ಗದಗವೂ ಹೊಸಪೇಟೆಯೂ ಒಂದೇ ರಾಜ್ಯದೊಳಗಾಗಿ ಆ ಗಡಿಯೇ ಅಳಿಸಿಹೋಯಿತು.

ಆಮೇಲಿನ ಐದಾರು ದಶಕ ಬುತ್ತಿಗೆ ಸುಗ್ಗಿಯ ಕಾಲ. ಧಾರವಾಡ, ಗದಗ, ಹುಬ್ಬಳ್ಳಿಯಲ್ಲಿ ಓದುವ ಮಕ್ಕಳಿಗೆ ಹಳ್ಳಿಯಿಂದ ರೊಟ್ಟಿ ಬುತ್ತಿ ಸರಕಾರಿ ಬಸ್ಸಿನಲ್ಲಿ ಹೋಗುತ್ತಿತ್ತು. ಡ್ರೈವರ್ ಪಕ್ಕದಲ್ಲಿ ಹೆಸರು ಬರೆದ ಡಬ್ಬಿಗಳ ಸಾಲು, ಅತ್ತ ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತ ಹುಡುಗರು. ಯಾರೂ ಬಿಚ್ಚಿ ನೋಡುತ್ತಿರಲಿಲ್ಲ, ಏನಿದೆ ಎಂದು ಕೇಳುತ್ತಿರಲಿಲ್ಲ. ಗೋವೆಗೆ, ಮಂಗಳೂರಿಗೆ ದುಡಿಯಲು ಹೋದ ಕುಷ್ಟಗಿ, ಯಲಬುರ್ಗಾದ ಕುಟುಂಬಗಳೂ ರೊಟ್ಟಿಯ ಗಂಟು ಹೊತ್ತುಕೊಂಡೇ ಬಸ್ಸು ಹತ್ತಿದವು.

ಖಡಕ್ ರೊಟ್ಟಿಯೇ ಈ ಬುತ್ತಿಯ ಯಜಮಾನ. ಕುದಿನೀರಿನಲ್ಲಿ ನಾದಿದ ಜೋಳದ ಹಿಟ್ಟನ್ನು ತೆಳ್ಳಗೆ ಬಡಿದು, ಹಂಚಿನ ಮೇಲೆ ಬೇಯಿಸಿ, ಆಮೇಲೆ ಒಲೆಯ ಕಾವಿಗೆ ಒರಗಿಸಿ ನೀರಿನ ಪಸೆ ಪೂರ್ತಿ ಆರುವ ತನಕ ಬಿಡುತ್ತಾರೆ. ಸಜ್ಜಿ ರೊಟ್ಟಿಯಾದರೆ ಮೇಲೆ ಬಿಳಿ ಎಳ್ಳು ಒತ್ತುತ್ತಾರೆ. ಹೀಗೆ ಒಣಗಿದ ರೊಟ್ಟಿ ತಿಂಗಳುಗಟ್ಟಲೆ ಕೆಡದು, ಆದರೆ ಹಪ್ಪಳದಷ್ಟೇ ನಾಜೂಕು. ಮೂಲೆಗೆ ಒಂದು ಪೆಟ್ಟು ಬಿದ್ದರೆ ಮುರಿಯುತ್ತದೆ. ಅದಕ್ಕೇ ಹಳೆಯ ಧೋತರದ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟುವುದು, ಗುಂಡನೆಯ ಡಬ್ಬಿಯಲ್ಲಿ ಅಲುಗದಂತೆ ಸುತ್ತ ಟವೆಲ್ ತುರುಕುವುದು. ಈ ಕಲೆಯ ದೊಡ್ಡ ಪರೀಕ್ಷೆ ನೋಡಬೇಕೆಂದರೆ ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಬೇಕು. ಮಹಾದಾಸೋಹಕ್ಕೆಂದು ಹಳ್ಳಿಹಳ್ಳಿಗಳಿಂದ ಎತ್ತಿನ ಬಂಡಿ, ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಮೆರವಣಿಗೆಯಲ್ಲಿ ಬರುತ್ತವೆ. ಜೊತೆಗೆ ಮಾದಲಿ, ಶೇಂಗಾ ಹೋಳಿಗೆ.

ಈ ಬುತ್ತಿ ವಿಮಾನ ಹತ್ತುವ ಹೊತ್ತಿಗೆ ಕಾವಲು ಮತ್ತೆ ಬಿಗಿಯಾಯಿತು. 2006ರ ಆಗಸ್ಟ್ 10ರಂದು ಲಂಡನ್ನಿನಲ್ಲಿ ಒಂದು ಸಂಚು ಬಯಲಾಯಿತು. ಪಾನೀಯದ ಬಾಟಲಿಗಳಲ್ಲಿ ದ್ರವ ಸ್ಫೋಟಕ ತುಂಬಿ ವಿಮಾನಗಳನ್ನು ಉಡಾಯಿಸುವ ಸಂಚು ಅದು. ಅಲ್ಲಿಂದ ಮುಂದೆ ಜಗತ್ತಿನ ಹೆಚ್ಚಿನ ಕಡೆ ಅಂತರರಾಷ್ಟ್ರೀಯ ವಿಮಾನಗಳ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಸೀಸೆಯ ದ್ರವಕ್ಕೆ ತಡೆ ಬಿತ್ತು. ಮನೆಯ ತುಪ್ಪ, ಉಪ್ಪಿನಕಾಯಿ ಈ ಲೆಕ್ಕಕ್ಕೆ ಬಂದವು. 2018ರ ಜೂನ್ 30ರಿಂದ ಅಮೆರಿಕೆಗೆ ಹೋಗುವವರ ಕೈಚೀಲದಲ್ಲಿ 350 ಮಿಲಿಲೀಟರ್ ಅಳತೆ ಮೀರಿದ ಪುಡಿಗಳಿಗೂ ಹೆಚ್ಚಿನ ತಪಾಸಣೆ ಶುರುವಾಯಿತು. ಗುರೆಳ್ಳು ಹಿಂಡಿ, ಅಗಸಿ ಹಿಂಡಿ, ಶೇಂಗಾ ಹಿಂಡಿಯ ಪೊಟ್ಟಣಗಳು ಇದರಲ್ಲಿ ಸಿಕ್ಕಿದವು. ಖಾರದ ಪುಡಿಯನ್ನಂತೂ ನಮ್ಮ ದೇಶದೊಳಗಿನ ವಿಮಾನದಲ್ಲೂ ಕೈಚೀಲದಲ್ಲಿ ಒಯ್ಯುವಂತಿಲ್ಲ. ಎಕ್ಸ್‌ರೇ ಪರದೆಯ ಮೇಲೆ ಹಿಟ್ಟು, ಬೆಲ್ಲ, ಎಣ್ಣೆಯಂಥ ಸಾವಯವ ವಸ್ತುಗಳು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ, ಹಲವು ಸ್ಫೋಟಕಗಳೂ ಅದೇ ಬಣ್ಣದಲ್ಲೇ. ಒತ್ತೊತ್ತಾಗಿ ಜೋಡಿಸಿದ ಶೇಂಗಾ ಹೋಳಿಗೆಯ ಡಬ್ಬಿಯನ್ನು ಬಿಚ್ಚಿಸಿದರೆ ಅದರಲ್ಲಿ ಅಧಿಕಾರಿಯ ತಪ್ಪೇನೂ ಇಲ್ಲ.

ಹಳೆಯ ನಾಕಾ ಕೇಳುತ್ತಿದ್ದುದು ಹಣ. ಈಗಿನ ಕಟ್ಟೆ ಹಣ ಕೇಳದು. ಗಂಟಿನೊಳಗಿನ ಒಂದೊಂದು ಕಾಳನ್ನೂ ಬೇರೆ ಮಾಡಿ ನೋಡುತ್ತದೆ. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿದ ಮೇಲೆ ಗಂಗಾವತಿ ಭತ್ತದ ಕಣಜವೆನಿಸಿತು. ಅಲ್ಲಿನ ಸೋನಾ ಮಸೂರಿ ಅಕ್ಕಿಯ ಒಂದು ಹಿಡಿಯನ್ನೂ ಅಮೆರಿಕೆಯಲ್ಲಿರುವ ಮಗಳಿಗೆ ಕೈಯಾರೆ ಒಯ್ದು ಕೊಡುವಂತಿಲ್ಲ. ಖಾಪ್ರಾ ಎಂಬ ಸಣ್ಣ ದುಂಬಿ ಕಾಳಿನ ಗೋದಾಮುಗಳನ್ನು ಹಾಳು ಮಾಡುತ್ತದೆಂದು, ಅದು ಇರುವ ಭಾರತದಂಥ ದೇಶಗಳಿಂದ ಪ್ರಯಾಣಿಕರು ಅಕ್ಕಿ ತರುವುದನ್ನು ಅಮೆರಿಕ 2011ರಿಂದ ನಿಷೇಧಿಸಿದೆ. ಉಡಿಯಕ್ಕಿಗೂ ಅದೇ ನಿಯಮ. ಕೊಲ್ಲಿಯ ದಾರಿ ಇನ್ನೂ ಕಠಿಣ. ಬಾಣಂತಿಗೆಂದು ತಾಯಿ ಕಟ್ಟುವ ಅಂಟಿನ ಉಂಡಿಗೆ, ಕರ್ಚಿಕಾಯಿಯ ಹೂರಣಕ್ಕೆ ಬಹಳ ಮನೆಗಳಲ್ಲಿ ಗಸಗಸೆ ಬೀಳುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್, ಸೌದಿ ಅರೇಬಿಯಾಗಳಲ್ಲಿ, ಅತ್ತ ಸಿಂಗಪುರದಲ್ಲೂ ಗಸಗಸೆ ನಿಷಿದ್ಧ, ಅಫೀಮಿನ ಗಿಡದ ಬೀಜವೆಂದು. ಆಸ್ಟ್ರೇಲಿಯಾ ತನ್ನ ದನಗಳಿಗೆ ಕಾಲುಬಾಯಿ ರೋಗ ತಗಲೀತೆಂದು ನಮ್ಮ ಹಾಲಿನ ಸಿಹಿಗಳನ್ನು ಒಳಗೆ ಬಿಡುವುದಿಲ್ಲ.

ತೆಂಗಿನ ವಿಚಾರದಲ್ಲಿ ನಿಯಮ ಬಾಗಿದ್ದೂ ಉಂಟು. ಶಬರಿಮಲೆ ಯಾತ್ರಿಕರ ಇರುಮುಡಿಯಲ್ಲಿ ತೆಂಗಿನಕಾಯಿ ಇರಲೇಬೇಕಾದ್ದರಿಂದ, 2024ರ ಅಕ್ಟೋಬರಿನಿಂದ 2025ರ ಜನವರಿ 20ರವರೆಗೆ ಅದನ್ನು ವಿಮಾನದ ಕೈಚೀಲದಲ್ಲಿ ಒಯ್ಯಲು ಭಾರತ ಸರಕಾರ ಒಪ್ಪಿತು. ಉಡಿಯ ಕೊಬ್ಬರಿ ಬಟ್ಟಲಿಗೆ ಅಂಥ ವಿನಾಯಿತಿ ಇಲ್ಲ.

ಇಷ್ಟೆಲ್ಲ ಕಟ್ಟೆಗಳನ್ನು ತಲೆಯೆತ್ತಿ ದಾಟುವುದು ಕುಷ್ಟಗಿ, ಯಲಬುರ್ಗಾದ ಎರೆ ಮಸಾರಿ ಹೊಲಗಳ ಬುತ್ತಿಯೇ. ನೀರಿಲ್ಲ, ಹಾಲಿಲ್ಲ, ಹಸಿಯಿಲ್ಲ. ಸುಟ್ಟು ಒಣಗಿಸಿದ ಜೋಳ, ಸಜ್ಜೆ, ಹುರಿದ ಶೇಂಗಾ, ಬೆಲ್ಲ. ಬರದ ನಾಡು ತನ್ನ ಹೊಟ್ಟೆಗೆಂದು ಕಂಡುಕೊಂಡ ಅಡಿಗೆಗೆ ವಿಮಾನದ ನಿಯಮಗಳಲ್ಲೂ ಅಡ್ಡಿ ಬಹಳ ಕಡಿಮೆ. ಹಾಗಾಗಿ ಮಗಳನ್ನು ಪರದೇಶಕ್ಕೆ ಕಳಿಸುವ ತಾಯಂದಿರಲ್ಲಿ ಒಂದು ಮಾತು: ಉಡಿಯನ್ನು ಮನೆಯಲ್ಲೇ ತುಂಬಿರಿ, ಕೊಬ್ಬರಿ ಬಟ್ಟಲನ್ನೂ ಅಕ್ಕಿಯನ್ನೂ ದೇವರ ಜಗುಲಿಯ ಮೇಲಿಟ್ಟು ಅರಿಷಿಣ ಕೊಂಬನ್ನಷ್ಟೇ ಜೊತೆಗೆ ಕಳಿಸಿರಿ. ಉಂಡಿಗೆ ಗಸಗಸೆ ಬೇಡ. ಹಿಂಡಿ ಪೊಟ್ಟಣಗಳು ದೊಡ್ಡ ಪೆಟ್ಟಿಗೆಗೆ ಹೋಗಲಿ, ರೊಟ್ಟಿಯ ಡಬ್ಬಿ ಕೈಯಲ್ಲೇ ಇರಲಿ. ಇಳಿದ ದೇಶದ ಕಾಗದದಲ್ಲಿ ತಿನಿಸು ಇದೆಯೇ ಎಂದು ಕೇಳಿದ ಕಡೆ ಇದೆ ಎಂದೇ ಬರೆಯುವಂತೆ ಮಗಳಿಗೆ ಹೇಳಿರಿ.