ಮ್ಯಾಕಿ ಆಡಿದ ಇನ್ನೊಂದು ಆಟ

ಅಮೆರಿಕನ್ ಫುಟ್‌ಬಾಲಿನಲ್ಲಿ ಟೈಟ್ ಎಂಡ್‌ಗೆ ಎರಡು ಕೆಲಸ: ಎದುರಾಳಿಯನ್ನು ಮೈಯೊಡ್ಡಿ ತಡೆಯುವುದು, ಚೆಂಡು ಬಂದರೆ ಹಿಡಿದು ಓಡುವುದು. 1963ರಲ್ಲಿ ಬಾಲ್ಟಿಮೋರ್ ಕೋಲ್ಟ್ಸ್ ಸೇರಿದ ಜಾನ್ ಮ್ಯಾಕಿ ಎರಡರಲ್ಲೂ ಪಳಗಿದವರು. 1971ರ ಜನವರಿಯ ಸೂಪರ್ ಬೌಲ್‌ನಲ್ಲಿ, ಬೇರೆಯವರ ಕೈಗೆ ತಾಗಿ ಬಂದ ಚೆಂಡನ್ನು ಹಿಡಿದು ಓಡಿ 75 ಗಜದ ಟಚ್‌ಡೌನ್ ಮಾಡಿದರು.

ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಮೈದಾನದ ಹೊರಗೆ ಆಡಿದ ಆಟ. ಆಟಗಾರರ ಸಂಘದ ಅಧ್ಯಕ್ಷರಾಗಿ 1970ರ ಮುಷ್ಕರವನ್ನು ಮುನ್ನಡೆಸಿದರು. ಆಗ ‘ರೊಝೆಲ್ ನಿಯಮ’ವಿತ್ತು. ಕರಾರು ಮುಗಿದ ಆಟಗಾರನನ್ನು ಸೇರಿಸಿಕೊಂಡ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು. ಒಪ್ಪಂದವಾಗದಿದ್ದರೆ ಲೀಗಿನ ಕಮಿಷನರ್ ಹೇಳಿದ್ದೇ ಲೆಕ್ಕ. ಈ ಭಯಕ್ಕೆ ಬೇರೆ ತಂಡಗಳು ಹಿಂಜರಿಯುತ್ತಿದ್ದವು. ನೋಟಿಸ್ ಪೀರಿಯಡ್ ಮುಗಿಸಿ ಕಂಪನಿ ಬದಲಿಸುವ ನಮಗೆ ಇದು ವಿಚಿತ್ರವೆನಿಸಬಹುದು.

ಮ್ಯಾಕಿ ಮತ್ತು ಸಂಗಡಿಗರು ಕೋರ್ಟಿಗೆ ಹೋದರು. 1976ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ನಿಯಮ ಕಾನೂನುಬಾಹಿರ ಎಂದಿತು. ಅಷ್ಟರಲ್ಲಿ ಅವರ ವೃತ್ತಿ ಮುಗಿದೇ ಹೋಗಿತ್ತು. ಕೊನೆಯ ವರ್ಷ 1972, ಸ್ಯಾನ್ ಡಿಯಾಗೊ ತಂಡದಲ್ಲಿ. ಹಾಲ್ ಆಫ್ ಫೇಮ್ ಗೌರವ ಬಂದದ್ದು 1992ರಲ್ಲಿ.

ಮುಂದೆ ಅವರಿಗೆ ಡಿಮೆನ್ಷಿಯಾ ಬಂತು. ಹೆಂಡತಿ ಸಿಲ್ವಿಯಾ ಕಮಿಷನರ್‌ಗೆ ಪತ್ರ ಬರೆದರು. ಅದರ ಫಲವಾಗಿ, ಅಂಥ ಮಾಜಿ ಆಟಗಾರರ ಆರೈಕೆಗೆ ವರ್ಷಕ್ಕೆ 88,000 ಡಾಲರ್‌ವರೆಗೆ ಕೊಡುವ ಯೋಜನೆ 2007ರಲ್ಲಿ ಜಾರಿಗೆ ಬಂತು. ಮ್ಯಾಕಿ 2011ರಲ್ಲಿ ತೀರಿಕೊಂಡರು. ಯೋಜನೆಯ ಹೆಸರು ‘88 ಪ್ಲಾನ್’. ಅದು ಅವರ ಜರ್ಸಿಯ ನಂಬರು.