ಅಪೊಲೊ 18 (ಚಲನಚಿತ್ರ)

ಅಪೊಲೊ 18 ಎಂಬುದು 2011ರ ಸೆಪ್ಟೆಂಬರ್ 2ರಂದು ಬಿಡುಗಡೆಯಾದ ಇಂಗ್ಲಿಷ್ ಭಾಷೆಯ ವೈಜ್ಞಾನಿಕ ಕಲ್ಪನೆಯ ಭಯಾನಕ ಚಲನಚಿತ್ರ. ಇದರ ನಿರ್ದೇಶಕರು ಸ್ಪೇನ್ ದೇಶದ ಗೊಂಜಾಲೊ ಲೋಪೆಸ್-ಗ್ಯಾಲೆಗೊ. ತಿಮೂರ್ ಬೆಕ್ಮಾಂಬೆಟೋವ್ ನಿರ್ಮಾಪಕರಲ್ಲೊಬ್ಬರು. ಚಿತ್ರವು ‘ಫೌಂಡ್ ಫೂಟೇಜ್’ ಶೈಲಿಯಲ್ಲಿದೆ. ಅಂದರೆ, ಪಾತ್ರಗಳೇ ಚಿತ್ರೀಕರಿಸಿದ, ಬಹುಕಾಲದ ನಂತರ ಯಾರಿಗೋ ದೊರೆತ ದೃಶ್ಯಗಳನ್ನು ಜೋಡಿಸಿದಂತೆ ಇಡೀ ಕಥೆಯನ್ನು ನಿರೂಪಿಸಲಾಗಿದೆ.

ಕಥಾವಸ್ತು

ರದ್ದಾಗಿದ್ದ ಅಪೊಲೊ 18 ಯಾನವನ್ನು ಅಮೆರಿಕದ ರಕ್ಷಣಾ ಇಲಾಖೆಯು 1974ರ ಡಿಸೆಂಬರ್‌ನಲ್ಲಿ ಗುಟ್ಟಾಗಿ ಕೈಗೊಳ್ಳುತ್ತದೆ. ನೇತನ್ ವಾಕರ್ ಮತ್ತು ಬೆನ್ ಆಂಡರ್ಸನ್ ಚಂದ್ರನ ಮೇಲೆ ಇಳಿಯುತ್ತಾರೆ. ಜಾನ್ ಗ್ರೇ ಕಕ್ಷೆಯಲ್ಲಿಯೇ ಉಳಿಯುತ್ತಾನೆ. ಸೋವಿಯತ್ ಕ್ಷಿಪಣಿಗಳ ಸುಳಿವು ನೀಡುವ ಉಪಕರಣಗಳನ್ನು ಸ್ಥಾಪಿಸುವುದೇ ತಮ್ಮ ಕೆಲಸವೆಂದು ಅವರು ನಂಬಿರುತ್ತಾರೆ. ಆದರೆ ಅಲ್ಲಿ ಅವರಿಗೆ ಅಪರಿಚಿತ ಹೆಜ್ಜೆಗುರುತುಗಳೂ ಒಂದು ಸೋವಿಯತ್ ನೌಕೆಯೂ ಗಗನಯಾತ್ರಿಯ ಶವವೂ ಕಾಣಸಿಗುತ್ತವೆ. ಕಲ್ಲುಗಳಂತೆ ತೋರುವ ಜೀವಿಗಳು ವಾಕರ್‌ನ ದೇಹವನ್ನು ಹೊಕ್ಕು ಸೋಂಕು ಹರಡುತ್ತವೆ. ಮೂವರಲ್ಲಿ ಯಾರೂ ಮರಳುವುದಿಲ್ಲ.

ವಾಸ್ತವ ಮತ್ತು ಕಲ್ಪನೆ

ಚಿತ್ರದ ಬಲವಿರುವುದು ಅದು ಆಯ್ದುಕೊಂಡ ನಿಜವಾದ ಖಾಲಿ ಜಾಗದಲ್ಲಿ. ಅಪೊಲೊ 18, 19 ಮತ್ತು 20 ಯಾನಗಳು ಯೋಜನೆಯಲ್ಲಿದ್ದವು. ಅನುದಾನ ಕಡಿತದಿಂದಾಗಿ 1970ರಲ್ಲಿ ನಾಸಾ ಮೂರು ಯಾನಗಳನ್ನು ಕೈಬಿಟ್ಟಿತು. 1972ರ ಡಿಸೆಂಬರ್‌ನ ಅಪೊಲೊ 17 ಕೊನೆಯದಾಯಿತು. ಮಿಕ್ಕ ಸ್ಯಾಟರ್ನ್ 5 ರಾಕೆಟ್‌ಗಳಲ್ಲಿ ಒಂದು 1973ರಲ್ಲಿ ಸ್ಕೈಲ್ಯಾಬ್ ಅನ್ನು ಹೊತ್ತೊಯ್ದಿತು. ಸುಮಾರು 110 ಮೀಟರ್ ಎತ್ತರದ ಈ ರಾಕೆಟ್ಟಿನ ಉಡಾವಣೆಯನ್ನು ಫ್ಲಾರಿಡಾದ ಜನರಿಂದ ಮರೆಮಾಡುವುದು ಸಾಧ್ಯವೇ ಇರಲಿಲ್ಲ.

ಸೋವಿಯತ್ ನೌಕೆಯೂ ಪೂರ್ತಿ ಕಟ್ಟುಕಥೆಯಲ್ಲ. ಎಲ್‌ಕೆ ಎಂಬ ಚಂದ್ರನೌಕೆಯನ್ನು ಮಾನವರಹಿತವಾಗಿ ಭೂಕಕ್ಷೆಯಲ್ಲಿ ಪರೀಕ್ಷಿಸಲಾಗಿತ್ತು. ಅದನ್ನು ಚಂದ್ರನೆಡೆಗೆ ಒಯ್ಯಬೇಕಿದ್ದ ಎನ್1 ರಾಕೆಟ್ 1969ರಿಂದ 1972ರವರೆಗೆ ನಾಲ್ಕು ಬಾರಿಯೂ ವಿಫಲವಾದುದರಿಂದ ಎಲ್‌ಕೆ ಎಂದೂ ಚಂದ್ರನನ್ನು ತಲುಪಲಿಲ್ಲ.

ಅಮೆರಿಕವು ವಿವಿಧ ದೇಶಗಳಿಗೆ ಕಾಣಿಕೆಯಾಗಿ ನೀಡಿದ ಚಂದ್ರಶಿಲೆಗಳಲ್ಲಿ ಹಲವು ನಾಪತ್ತೆಯಾಗಿರುವುದು ನಿಜ. ಚಿತ್ರದ ಮುಕ್ತಾಯವು ಈ ಸಂಗತಿಯನ್ನೇ ಭಯಕ್ಕೆ ಬಳಸಿಕೊಂಡಿದೆ.

ಬಿಡುಗಡೆ ಮತ್ತು ಪ್ರತಿಕ್ರಿಯೆ

ದೃಶ್ಯಗಳು ಅಸಲಿ ಎಂಬಂತೆ ವಿತರಕರು ಪ್ರಚಾರ ಮಾಡಿದರು. ಇದು ಸಾಕ್ಷ್ಯಚಿತ್ರವಲ್ಲವೆಂದು ನಾಸಾ ಸ್ಪಷ್ಟಪಡಿಸಬೇಕಾಯಿತು. ಸುಮಾರು 50 ಲಕ್ಷ ಡಾಲರ್ ವೆಚ್ಚದ ಚಿತ್ರವು ಅದರ ಹಲವು ಪಟ್ಟು ಗಳಿಸಿತಾದರೂ ವಿಮರ್ಶಕರು ಬಹುಮಟ್ಟಿಗೆ ಮೆಚ್ಚಲಿಲ್ಲ. ಯಾತ್ರಿಗಳೇ ಹಿಂದಿರುಗದಿದ್ದಾಗ ಚಂದ್ರನ ಮೇಲೆ ತೆಗೆದ ಫಿಲ್ಮ್ ಸುರುಳಿಗಳು ಭೂಮಿಗೆ ಬಂದದ್ದು ಹೇಗೆ ಎಂಬ ಸರಳ ಪ್ರಶ್ನೆಗೆ ಚಿತ್ರದಲ್ಲಿ ಉತ್ತರವಿಲ್ಲ.