ಅಮ್ಮನ ಅಣಬೆ ಜಾಗಗಳು

ಕಳೆದ ಜುಲೈನಲ್ಲಿ ನೋಯ್ಡಾದ ನಮ್ಮ ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಕೂತಿದ್ದ ಅಮ್ಮ ಗುಡುಗು ಕೇಳಿ, "ಊರಲ್ಲಿ ಅಣಬೆ ಎದ್ದಿರ್ತದೆ ಮಾರಾಯ್ತಿ" ಅಂದಳು. ಮಂಡಿಯ ಆಪರೇಷನ್ ಆಗಿ ಮೂರು ತಿಂಗಳಾಗಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಬೆಟ್ಟಕ್ಕೆ ಅವಳು ಹತ್ತದ ಮೊದಲ ಮಳೆಗಾಲ ಅದು.

ನಾನು ಚಿಕ್ಕವಳಿದ್ದಾಗ ಕಂಬಳಿಕೊಪ್ಪೆ ಹಾಕಿದ ಅಮ್ಮ ಮುಂದೆ, ಬುಟ್ಟಿ ಹಿಡಿದ ನಾನು ಹಿಂದೆ. ಹುತ್ತದ ಬಳಿ ಅಣಬೆ ಕಂಡರೆ ಅವಳು ಕೀಳುತ್ತಿರಲಿಲ್ಲ. ಕೋಲಿನಿಂದ ಮಣ್ಣು ಸಡಿಲಿಸಿ, ಬೇರಿನಂಥ ಉದ್ದನೆಯ ಬುಡವನ್ನು ಮೆಲ್ಲಗೆ ಬಿಡಿಸುತ್ತಿದ್ದಳು. ಹುತ್ತ ಕೆಡವಬಾರದು, ಒಂದೆರಡು ಬಿಟ್ಟೇ ಬರಬೇಕು, ಗೊತ್ತಿಲ್ಲದ ಅಣಬೆ ಮುಟ್ಟಬಾರದು. ಇವು ಮೂರು ನಿಯಮ. ಜಾಗ ಯಾರಿಗೂ ಹೇಳಬಾರದು ಎಂಬುದು ನಾಲ್ಕನೆಯದು.

ಈ ಊಟಕ್ಕೊಂದು ಚರಿತ್ರೆ ಇದೆಯೇ ಎಂದು ಹುಡುಕಿದೆ. ಸುಶ್ರುತ ಸಂಹಿತೆ ಹುಲ್ಲು, ಕಬ್ಬು, ಸಗಣಿ, ಬಿದಿರು, ನೆಲ ಹೀಗೆ ಹುಟ್ಟುವ ಜಾಗ ನೋಡಿ ಅಣಬೆಗಳನ್ನು ವಿಂಗಡಿಸುತ್ತದೆ. ಮನುಸ್ಮೃತಿಯ ಐದನೇ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿಯ ಜೊತೆಗೆ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸುತ್ತದೆ. ಬೇಡವೆಂದು ಬರೆಯಬೇಕಾಯಿತು ಎಂದರೆ ತಿನ್ನುವವರಿದ್ದರು ಎಂದೇ ಅರ್ಥ! ನಮ್ಮೂರಲ್ಲೂ ನಮ್ಮ ಮನೆಯ ಹಬ್ಬದೂಟ ಪಕ್ಕದ ಮನೆಯಲ್ಲಿ ನಿಷಿದ್ಧ. ಸಂಸ್ಕೃತದ 'ಛತ್ರಾಕ'ದಲ್ಲಿ ಬರೀ ಕೊಡೆಯಿದೆ. ಕನ್ನಡ ಅದನ್ನು 'ನಾಯಿಕೊಡೆ' ಮಾಡಿತು. ಆದರೆ ಯಾವುದನ್ನು ತಿನ್ನಬಹುದು, ಅದು ಯಾವ ಮಳೆಗೆ ಎಲ್ಲಿ ಏಳುತ್ತದೆ ಎಂಬುದನ್ನು ತಲೆಯಲ್ಲಿಟ್ಟುಕೊಂಡು ಬಂದವರು ನಮ್ಮ ಹೆಂಗಸರು.

ಹುತ್ತದ ಅಣಬೆಯ ನಿಜವಾದ ಬೇಸಾಯಗಾರರು ಗೆದ್ದಲುಗಳು. ತರಗೆಲೆ, ಕಟ್ಟಿಗೆ ಅರೆದು ಹುತ್ತದೊಳಗೆ ಶಿಲೀಂಧ್ರದ ತೋಟ ಮಾಡುತ್ತವೆ. ಮಳೆ ಬಿದ್ದಾಗ ಅದೇ ಮೇಲೆದ್ದು ಅಣಬೆಯಾಗುತ್ತದೆ. 1942ರಲ್ಲಿ ಫ್ರಾನ್ಸಿನ ವಿಜ್ಞಾನಿ ರೋಜೆ ಎಮ್ ಈ ಕುಲಕ್ಕೆ 'ಟರ್ಮಿಟೋಮೈಸಿಸ್' ಎಂದು ಹೆಸರಿಟ್ಟರು. ಆಫ್ರಿಕಾದಲ್ಲೂ ಹೆಂಗಸರು ಮಳೆಗಾಲದಲ್ಲಿ ಇದನ್ನು ಆಯ್ದು ಮಾರುತ್ತಾರೆ. ಹುತ್ತ ಹೋದರೆ ಅಣಬೆಯೂ ಹೋಯಿತು. ಅಮ್ಮನ ಮೊದಲ ನಿಯಮದ ಕಾರಣ ನನಗೆ ಆಗ ತಿಳಿಯಿತು.

ದಿಲ್ಲಿಯ ಅಣಬೆಯ ಕಥೆ ಬೇರೆ. 1961ರಲ್ಲಿ ಹಿಮಾಚಲದ ಸೋಲನ್‌ನಲ್ಲಿ ಅಣಬೆ ಕೃಷಿಯ ಯೋಜನೆ ಶುರುವಾಯಿತು. 1997ರಲ್ಲಿ ಆ ಊರನ್ನು 'ಅಣಬೆ ನಗರ' ಎಂದು ಸಾರಿದರು. ನಮ್ಮ ಪಕ್ಕದ ಸೋನಿಪತ್‌ನಲ್ಲಿ ರೈತರು ಚಳಿಗಾಲದಲ್ಲಿ ಹುಲ್ಲಿನ ಗುಡಿಸಲುಗಳೊಳಗೆ, ಗೋಧಿ ಹುಲ್ಲಿನ ಗೊಬ್ಬರದ ಮೇಲೆ ಬಟನ್ ಅಣಬೆ ಬೆಳೆಯುತ್ತಾರೆ. ಇನ್ನು ಹಿಮಾಲಯದ ಕಾಡಿನ ಗುಚ್ಛಿ ತೋರಿಸೋಣವೆಂದು ಅಮ್ಮನನ್ನು ಖಾರಿ ಬಾವ್ಲಿಗೆ ಕರೆದೊಯ್ದೆ. ದಾರಕ್ಕೆ ಪೋಣಿಸಿದ ಒಣ ಗುಚ್ಛಿ, ಕಿಲೋಗೆ ಸಾವಿರಾರು ರೂಪಾಯಿ. ಅಮ್ಮ ಬೆಲೆ ಕೇಳಿ, "ಕಾಡಲ್ಲಿ ಆಯ್ದವಳಿಗೆ ಎಷ್ಟು ಸಿಕ್ಕಿತೋ" ಅಂದಳು.

ಮನೆಗೆ ಬಂದು ನಾನು ಫೋನಿನಲ್ಲಿ ಮ್ಯಾಪ್ ತೆರೆದೆ. "ಅಮ್ಮಾ, ನಿನ್ನ ಜಾಗಗಳನ್ನು ಗುರುತು ಹಾಕೋಣ." ಎಂ.ಟೆಕ್‌ನಲ್ಲಿ ಚಿತ್ರ ಗುರುತಿಸುವ ಪ್ರೋಗ್ರಾಂ ಬರೆದವಳು ನಾನು. ಆದರೆ ಎಷ್ಟೋ ಮಳೆಗಾಲ ಅವಳ ಹಿಂದೆ ನಡೆದರೂ ದಾರಿ ನೋಡಿಟ್ಟುಕೊಂಡಿರಲಿಲ್ಲ. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರೆಂದು ಅಜ್ಜಿ ಜಾಗ ತೋರಿಸಿದ್ದು ಸೊಸೆಗೆ, ಅಂದರೆ ಅಮ್ಮನಿಗೆ, ಮಗಳಿಗಲ್ಲ. ನಮ್ಮ ಮನೆಗೆ ಈಗ ಸೊಸೆಯಿಲ್ಲ, ನಾನೊಬ್ಬಳೇ.

"ದೊಡ್ಡ ಹಲಸಿನ ಮರದಿಂದ ಕೆಳಗೆ..." ಎಂದು ಶುರುಮಾಡಿದ ಅಮ್ಮ ನಿಲ್ಲಿಸಿದಳು. ಹಲಸಿನ ಮರ ಹೋಗಿ ನಾಲ್ಕು ವರ್ಷ. ಅಡಿಕೆ ತೋಟಕ್ಕೆಂದು ನಾವೇ ಜೆಸಿಬಿ ತರಿಸಿ ಬೆಟ್ಟದ ಅರ್ಧ ಮಟ್ಟ ಮಾಡಿಸಿದ್ದೆವು. ಅವಳ ಐದು ಜಾಗಗಳಲ್ಲಿ ಉಳಿದಿದ್ದು ಎರಡು. ಮ್ಯಾಪಿನಲ್ಲಿ ಅದೆಲ್ಲ ಒಂದೇ ಹಸಿರು.

"ಇದರಲ್ಲಿ ಆಗಲ್ಲ ಮಗಳೇ, ಕಾಲಲ್ಲೇ ಹೋಗಿ ನೋಡಬೇಕು" ಅಂದಳು.

ಈ ಆಷಾಢಕ್ಕೆ ರಜೆ ಹಾಕಿ, ಶಿವಮೊಗ್ಗಕ್ಕೆ ಟಿಕೆಟ್ ಮಾಡಿಸಿದ್ದೇನೆ. ಅಮ್ಮ ಎಷ್ಟು ದೂರ ಹತ್ತುತ್ತಾಳೋ ಅಷ್ಟು ದೂರ. ಆಮೇಲೆ ಅವಳು ಕೆಳಗೆ ನಿಂತು ಹೇಳುತ್ತಾಳೆ, ನಾನು ಹುಡುಕುತ್ತೇನೆ. ಏಳು ವರ್ಷದ ನನ್ನ ಮಗಳು ಬುಟ್ಟಿ ಹಿಡಿಯುತ್ತಾಳೆ. ಅಣಬೆ ಸಿಕ್ಕರೆ ಮುಂದಿನ ಸಂಚಿಕೆಗೆ ಸಾರಿನ ವಿಧಾನ ಬರೆಯುತ್ತೇನೆ. ಜಾಗ ಎಲ್ಲಿ ಎಂದು ಮಾತ್ರ ದಯವಿಟ್ಟು ಕೇಳಬೇಡಿ.